ಚೀಟಿ ಎತ್ತುವ ಮೊದಲು ಒಂದೆರಡು ಮಾತು

ಡಿಸೆಂಬರ್ ಕೊನೆಯ ರಜೆಯಲ್ಲಿ ಕಾಸರಗೋಡಿನ ನಮ್ಮ ಕನ್ನಡ ಸಂಘದ ಮನೆಯವರೆಲ್ಲ ಸೇರಿ ಈ ಸಲವೂ ಚೀಟಿ ಎತ್ತಿ ಒಬ್ಬರಿಗೊಬ್ಬರು ಉಡುಗೊರೆ ಕೊಡುವುದು ಎಂದು ಸಮಿತಿ ತೀರ್ಮಾನಿಸಿತು. ಮರುದಿನವೇ ನಮ್ಮ ಹಿರಿಯ ಸದಸ್ಯರಾದ ಮಾಸ್ತರರ ಫೋನು ಬಂತು. "ಕನ್ನಡ ಸಂಘಕ್ಕೆ ಇದೆಂತ ಕ್ರಿಸ್‌ಮಸ್ ಫ್ರೆಂಡು ಮಾರಾಯ್ರೆ? ದೀಪಾವಳಿಗೆ ಮಾಡಬಾರದಿತ್ತಾ?"

ಕೇಳಿದ್ದು ನ್ಯಾಯವೇ. ದೀಪಾವಳಿ ನಮಗೆ ಮೂರು ದಿನದ ಹಬ್ಬ. ಎಣ್ಣೆಸ್ನಾನ ಆಗಬೇಕು, ಬಲೀಂದ್ರನನ್ನು ಕರೆಯಬೇಕು, ಗೋಪೂಜೆ ಆಗಬೇಕು. ಆದರೆ 1956ರ ನವೆಂಬರ್ 1ರಿಂದ ಕಾಸರಗೋಡು ಇರುವುದು ಕೇರಳದ ಕ್ಯಾಲೆಂಡರಿನಲ್ಲಿ. ಅದರಲ್ಲಿ ದೀಪಾವಳಿಗೆ ಒಂದೇ ದಿನ ರಜೆ. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಬಲಿಪಾಡ್ಯಮಿಗೂ ರಜೆ. ಮಂಗಳೂರಿನ ನೆಂಟರು ಕಡುಬು ತಿಂದು ಮಲಗಿರುವಾಗ ನಮ್ಮ ಮಕ್ಕಳು ಬ್ಯಾಗ್ ಹಾಕಿಕೊಂಡು ಬಸ್ಸಿಗೆ ಕಾಯುತ್ತಾರೆ. ನಮ್ಮಲ್ಲಿ ಉದ್ದ ರಜೆ ಎಂದರೆ ಬೇಸಿಗೆ ಬಿಟ್ಟರೆ ಓಣಂ, ಆಮೇಲೆ ಕ್ರಿಸ್‌ಮಸ್. ಗಲ್ಫಿನಲ್ಲಿ ಇರುವವರಿಗೂ ಡಿಸೆಂಬರ್‌ನಲ್ಲಿ ಮಕ್ಕಳ ಶಾಲೆಗೆ ರಜೆ ಸಿಗುತ್ತದೆ, ಊರಿಗೆ ಬರುತ್ತಾರೆ. ಎಲ್ಲರೂ ಸಿಗುವ ದಿನ ಬೇಕಿದ್ದರೆ ಇದೇ.

ಮತ್ತೆ, ಮಕ್ಕಳಿಗೆ ಇದು ಹೊಸತೇನೂ ಅಲ್ಲ. ಇಲ್ಲಿನ ಶಾಲೆ, ಆಫೀಸುಗಳಲ್ಲಿ ಕ್ರಿಸ್‌ಮಸ್ ಫ್ರೆಂಡ್ ಆಟ ಎಲ್ಲರಿಗೂ ಗೊತ್ತು. ತರಗತಿಯವರ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕುತ್ತಾರೆ. ಒಬ್ಬೊಬ್ಬರೂ ಒಂದೊಂದು ಎತ್ತುತ್ತಾರೆ. ಕೇಕ್ ಕತ್ತರಿಸುವ ದಿನದವರೆಗೆ ಯಾರಿಗೆ ಯಾರು ಎಂದು ಬಾಯಿ ಬಿಡುವ ಹಾಗಿಲ್ಲ. ಮಕ್ಕಳು ಬಿಡದೆ ಇರುವುದು ಅಪರೂಪ, ಅದು ಬೇರೆ ವಿಷಯ.

ಹಬ್ಬಕ್ಕೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಏನಾದರೂ ಹೋಗುವುದು ಈ ಊರಿಗೆ ಹಳೆಯದೇ. ನಮ್ಮ ಬೇಳ ಊರಿನ ಕಡೆ ಕ್ರಿಸ್ತುವರ ನೆರೆಯಲ್ಲಿ ಇರುವವರಿಗೆ ಕ್ರಿಸ್‌ಮಸ್ ದಿನ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಬರುವುದು ಗೊತ್ತು. ಕಿಡಿಯೊ, ಗುಳಿಯೊ, ನೆವ್ರಿ, ಚಕ್ಕುಲಿ, ಮೇಲೊಂದು ಕಾಗದ ಮುಚ್ಚಿರುತ್ತದೆ. ಆ ತಟ್ಟೆಯನ್ನು ಯಾರೂ ಖಾಲಿ ಹಿಂದೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ವಿಷುವಿಗೆ ಕಣಿ ನೋಡಿದ ಮೇಲೆ ಹಿರಿಯರು ಕಿರಿಯರ ಕೈಗೆ ನಾಣ್ಯ ಇಡುತ್ತಾರೆ. ಮದುವೆಯಲ್ಲಂತೂ ಮುಯ್ಯಿಯ ಪಟ್ಟಿಯೇ ಇರುತ್ತದೆ. ಅವರು ನಮ್ಮ ಮಗಳ ಮದುವೆಗೆ 500 ಬರೆಸಿದ್ದರು, ಅವರ ಮಗನದ್ದಕ್ಕೆ ನಾವು ಅದಕ್ಕಿಂತ ಕಮ್ಮಿ ಬರೆಸಬಾರದು ಎಂದು ಹಳೆಯ ನೋಟ್‌ಬುಕ್ ಹುಡುಕುವ ಮನೆಗಳು ಈಗಲೂ ಇವೆ.

ಚೀಟಿಯ ಉಡುಗೊರೆ ನನಗೆ ಇಷ್ಟ ಆಗುವುದು ಇಲ್ಲಿಯೇ. ನಾನು ಕೊಡುವುದು ಒಬ್ಬರಿಗೆ, ನನಗೆ ಕೊಡುವವರು ಇನ್ನೊಬ್ಬರು. ಕೊಟ್ಟವರಿಗೆ ತಿರುಗಿ ಕೊಡುವ ಲೆಕ್ಕವೇ ಹುಟ್ಟುವುದಿಲ್ಲ. ತೋಟ ಇರುವವರು, ಸಂಬಳದವರು, ಬೀಡಿ ಕಟ್ಟುವವರು ಎಲ್ಲರೂ ಇರುವ ಸಂಘದಲ್ಲಿ ಇದು ಸಣ್ಣ ವಿಷಯ ಅಲ್ಲ.

ಆದರೆ ಚೀಟಿ ಎತ್ತುವ ಕ್ರಮ ಸರಿ ಇರಬೇಕು. ಡಬ್ಬಕ್ಕೆ ಕೈ ಹಾಕಿ ಎತ್ತಿದರೆ ಯಾರಾದರೊಬ್ಬರಿಗೆ ಅವರದೇ ಹೆಸರು ಬಂದೇ ಬರುತ್ತದೆ ಎಂದು ನಾವು ತಮಾಷೆ ಮಾಡುತ್ತೇವಲ್ಲ, ಲೆಕ್ಕವೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತದೆ. ಐದು ಜನ ಇರಲಿ, ಐವತ್ತು ಜನ ಇರಲಿ, ಒಬ್ಬರಿಗಾದರೂ ಸ್ವಂತ ಹೆಸರು ಬರುವ ಸಾಧ್ಯತೆ 100ಕ್ಕೆ ಸುಮಾರು 63. ಜನ ಜಾಸ್ತಿ ಆದರೆ ತೊಂದರೆ ಕಮ್ಮಿ ಆಗುತ್ತದೆ ಎಂದುಕೊಳ್ಳಬೇಡಿ, ಆಗುವುದಿಲ್ಲ. ಚೀಟಿ ವಾಪಸ್ ಹಾಕಿ ಬೇರೆ ಎತ್ತಿದರೂ, ಕೊನೆಯವರ ಕೈಗೆ ಅವರದೇ ಹೆಸರು ಉಳಿದರೆ ಎಲ್ಲ ಮೊದಲಿನಿಂದ ಶುರು. ಇಬ್ಬರಿಗೆ ಪರಸ್ಪರ ಹೆಸರು ಬಂದರೆ ಮತ್ತೆ ಅದೇ ಮುಯ್ಯಿಯ ಲೆಕ್ಕ.

ಹಾಗಾಗಿ ಈ ಸಲ ಬೇರೆ ದಾರಿ ಹಿಡಿದಿದ್ದೇವೆ. ಚೀಟಿಗಳನ್ನು ಕಲಸಿ ಮೇಜಿನ ಮೇಲೆ ಸುತ್ತಲೂ ಇಡುವುದು. ಪ್ರತಿಯೊಬ್ಬರೂ ತಮ್ಮ ಚೀಟಿಯ ಬಲಕ್ಕಿರುವ ಚೀಟಿಯವರಿಗೆ ಕೊಡಬೇಕು. ಕೊನೆಯ ಚೀಟಿಯವರು ಮೊದಲನೆಯವರಿಗೆ. ಸ್ವಂತ ಹೆಸರು ಬರುವ ಮಾತೇ ಇಲ್ಲ. ಒಂದೇ ಮನೆಯವರ ಚೀಟಿ ಅಕ್ಕಪಕ್ಕ ಬಿದ್ದರೆ ಒಂದನ್ನು ಎತ್ತಿ ಆಚೆ ಇಟ್ಟರಾಯಿತು. ಇದನ್ನು ಮಾಡುವ ಒಬ್ಬರಿಗೆ ಎಲ್ಲ ಗೊತ್ತಾಗುತ್ತದೆ, ಅವರು ಆಟದಲ್ಲಿ ಇರಬಾರದು. ನಮ್ಮ ಖಜಾಂಚಿಯವರು ಒಪ್ಪಿಕೊಂಡಿದ್ದಾರೆ. ಹೇಗೂ ಅವರಿಗೆ ಎಲ್ಲರ ಬಾಕಿಯೂ ಗೊತ್ತು.

ಈಗ ನನ್ನ ದೊಡ್ಡ ತಕರಾರು. ಹೆಸರಿನ ಜೊತೆ ಏನು ಬೇಕು ಎಂದು ಬರೆಯಿರಿ ಎಂದರೆ ಅರ್ಧಕ್ಕರ್ಧ ಜನ "ಏನೂ ಆಗಬಹುದು" ಎಂದು ಬರೆಯುತ್ತಾರೆ. ಸಂಕೋಚ ಅರ್ಥವಾಗುತ್ತದೆ. ಆದರೆ ಅದನ್ನು ಓದಿದವರು ಸೀದಾ ಫ್ಯಾನ್ಸಿ ಅಂಗಡಿಗೆ ಹೋಗಿ ಒಂದು ಮಗ್ ತರುತ್ತಾರೆ. ಆ ಮಗ್ ಬಣ್ಣದ ಕಾಗದ ಸಹಿತ ಇನ್ನೊಂದು ಗೃಹಪ್ರವೇಶಕ್ಕೆ ಹೋಗುತ್ತದೆ. ಕಳೆದ ಸಲ ಒಬ್ಬ ಅಜ್ಜ ಬರೆದಿದ್ದರು: "ಟಾರ್ಚಿನ ಸೆಲ್ಲು, ದೊಡ್ಡದು, ಎರಡು." ಎಷ್ಟು ಸುಲಭ ಆಯಿತು ನೋಡಿ! ಕೊಟ್ಟವರು ಸೆಲ್ಲಿನ ಜೊತೆ ಒಂದು ಪೊಟ್ಟಣ ಹುರಿಗಡಲೆಯನ್ನೂ ಇಟ್ಟರು. ಒಬ್ಬ ಹುಡುಗನ ಚೀಟಿಯಲ್ಲಿ ಮಾತೆಲ್ಲ ಕನ್ನಡ, ಅಕ್ಷರ ಮಲಯಾಳ. ಶಟಲ್ ಕಾಕ್ ಬೇಕಂತೆ. ಅವನ ಚೀಟಿ ಸಿಕ್ಕಿದವರು ಕನ್ನಡದ ಒಂದು ದಪ್ಪ ಕಾದಂಬರಿ ಕೊಟ್ಟರು. ಕನ್ನಡ ಸಂಘ ಅಲ್ವಾ!

ಅವರನ್ನು ದೂರುವುದಿಲ್ಲ. ನಮ್ಮಲ್ಲಿ ಬಹಳ ಮಂದಿಗೆ ಇದೇ ಆಸೆ. ಮಲಯಾಳ, ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಕ್ಕಳ ಕೈಗೆ ಹೇಗಾದರೂ ಒಂದು ಕನ್ನಡ ಪುಸ್ತಕ ಇಡಬೇಕು. ಇಡಿ. ಆದರೆ ಕೇಳಿದ ಶಟಲ್ ಕಾಕಿನ ಜೊತೆಗೆ ಇಡಿ, ಅದರ ಬದಲಿಗೆ ಬೇಡ. ಚಿತ್ರ ಇರುವ ತೆಳ್ಳಗಿನ ಪುಸ್ತಕ ಸಾಕು. ಸಾಧ್ಯವಾದರೆ ಮೊದಲ ನಾಲ್ಕು ಪುಟ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಅಕ್ಷರ ಬಾರದವನಿಗೂ ಕಿವಿ ಇದೆ.

ಮಿತಿ 250 ರೂಪಾಯಿ. ಇದನ್ನು ಮೀರಿ ಕೊಟ್ಟವರನ್ನು ಹೊಗಳುವುದು ಬೇಡ ಎಂದು ಸಮಿತಿಗೆ ನನ್ನ ವಿನಂತಿ. ಒಬ್ಬರು ಕಾಸರಗೋಡು ಸೀರೆ ಕೊಟ್ಟರೆ ಪಕ್ಕದವರ ಬಾಟಲಿ ಉಪ್ಪಿನಕಾಯಿ ಮುಖ ಸಣ್ಣ ಮಾಡಿಕೊಳ್ಳುತ್ತದೆ. ಮನೆಯಲ್ಲೇ ಮಾಡಿದ್ದು ನಡೆಯುತ್ತದೆ, ನನ್ನ ಪ್ರಕಾರ ಅದೇ ಒಳ್ಳೆಯದು. ಬೇಸಿಗೆಯಲ್ಲಿ ಒಣಗಿಸಿ ಡಬ್ಬಕ್ಕೆ ತುಂಬಿದ ಹಲಸಿನ ಹಪ್ಪಳ, ಮಾಂಬಳ, ಬಾಳಕ ಮೆಣಸು, ಪುನರ್ಪುಳಿ ಸಿಪ್ಪೆ ನಿಮ್ಮ ಅಟ್ಟದಲ್ಲಿ ಇನ್ನೂ ಇರಬಹುದು.

ಗಲ್ಫಿನವರ ಹೆಸರು ಬಂದವರು ಒಂದು ವಿಷಯ ನೆನಪಿಡಿ. ರಜೆ ಮುಗಿಸಿ ಅವರು ಅದನ್ನು ವಿಮಾನದಲ್ಲಿ ಒಯ್ಯಬೇಕು. ಗಸಗಸೆ ಯುಎಇಯಲ್ಲಿ ನಿಷೇಧ. ಅಡುಗೆಗೆ ಎಂದರೂ ಕೇಳುವುದಿಲ್ಲ, ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗಬಹುದು. ಗಸಗಸೆ ಉದುರಿಸಿದ ಸಿಹಿತಿಂಡಿಯೂ ಬೇಡ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯಬಹುದು ಎಂದು ಅದನ್ನೂ ವಿಮಾನಕ್ಕೆ ಬಿಡುವುದಿಲ್ಲ.

ಉಡುಗೊರೆಯನ್ನು ಎಲ್ಲರ ಎದುರೇ ಬಿಚ್ಚಬೇಕೆಂಬ ನಿಯಮ ಇಲ್ಲ. ಕೊಟ್ಟವರ ಮುಂದೆ ಬಿಚ್ಚಿ ನೋಡುವುದು ನಮ್ಮ ಹಿರಿಯರಿಗೆ ಮುಜುಗರ. ಮಕ್ಕಳು ಅಲ್ಲೇ ಹರಿಯಲಿ, ದೊಡ್ಡವರು ಮನೆಗೆ ಒಯ್ಯಲಿ. ಸೇರುವುದಿಲ್ಲ ಎನ್ನುವವರನ್ನು ಒತ್ತಾಯ ಮಾಡುವುದೂ ಬೇಡ, ಬಂದು ಊಟ ಮಾಡಿ ಹೋಗಲಿ.

ಆದರೆ ಚೀಟಿ ಕೊಟ್ಟ ಮೇಲೆ ಕೈಬಿಡಬೇಡಿ. ಈ ಸುತ್ತಿನಲ್ಲಿ ಒಬ್ಬರು ತಪ್ಪಿದರೆ ಒಬ್ಬರ ಕೈ ಖಾಲಿ. ತಾವು ಕೊಡುವುದನ್ನು ಬೇರೆಯವರಿಗೆ ಕೊಟ್ಟಾಗಿರುತ್ತದೆ, ಸಿಗದಿದ್ದದ್ದನ್ನು ಯಾರ ಹತ್ತಿರ ಕೇಳುವುದು? ಸುಮ್ನೆ ನಗುತ್ತಾ ಕೂರಬೇಕು, ಅಷ್ಟೇ. ಜ್ವರ ಬರಬಹುದು, ರೈಲು ತಪ್ಪಬಹುದು. ಒಂದು ಮಾತು ಮೊದಲೇ ಹೇಳಿದರೆ ಸಂಘದಿಂದ ಏನಾದರೂ ವ್ಯವಸ್ಥೆ ಮಾಡುತ್ತೇವೆ. ಅದಕ್ಕೆಂದೇ ಆರು ಬೈರಾಸು (ಟವೆಲ್), ನಾಲ್ಕು ಬಣ್ಣದ ಪೆನ್ಸಿಲ್ ಪೆಟ್ಟಿಗೆ ತಂದು ಕಪಾಟಿನಲ್ಲಿ ಇಟ್ಟಿದ್ದೇವೆ.

ಚೀಟಿ ಡಿಸೆಂಬರ್ 10ರೊಳಗೆ ತಲುಪಬೇಕು. ಹೆಸರು, ವಯಸ್ಸು, ಬೇಕಾದದ್ದು, ಬೇಡವಾದದ್ದು. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಬರೆಯಿರಿ. "ಏನೂ ಆಗಬಹುದು" ಎಂದು ಬರೆದ ಚೀಟಿ ಬಂದರೆ ಖಜಾಂಚಿಯವರು ಫೋನ್ ಮಾಡಿ ಕೇಳುತ್ತಾರೆ. ಅವರು ಫೋನ್ ಮಾಡಿದರೆ ವರ್ಷದ ಚಂದಾದ ವಿಷಯವೂ ಬರುತ್ತದೆ.