ಉತ್ತರದ ಜೊತೆ ಪ್ರಶ್ನೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಶಾಲೆಯಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಅಂತ ಇವತ್ತು ಸುದ್ದಿ ಬರುತ್ತದೆ. ಎರಡು ದಿನ ಬಿಟ್ಟು 'ವಿಚಾರಣೆ ಮಾಡಿದ್ದೇವೆ, ಆರೋಪದಲ್ಲಿ ಹುರುಳಿಲ್ಲ' ಅಂತ ಇನ್ನೊಂದು. ಇದನ್ನು ಓದಿದಾಗಲೆಲ್ಲ ನನಗೆ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಚಿಂಚೋಳಿ ಕಡೆಯ ಒಂದು ಶಾಲೆಯ ಎಸ್‌ಡಿಎಂಸಿಯಲ್ಲಿದ್ದೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ. ತಾಂಡಾದ ಹುಡುಗಿಯೊಬ್ಬಳ ಅಜ್ಜಿ ಒಬ್ಬ ಮಾಸ್ತರರ ಮೇಲೆ ದೂರು ತಂದರು. ಹುಡುಗಿಯ ಅಪ್ಪ ಅವ್ವ ಪುಣೆಗೆ ದುಡಿಯಲು ಹೋಗಿದ್ದರು. ನಾವು ಐದು ಜನ ಕುರ್ಚಿಯ ಮೇಲೆ ಕೂತಿದ್ದೆವು, ಹುಡುಗಿ ನಿಂತಿದ್ದಳು. ಆ ಮಾಸ್ತರ್ ಹೊರಗೆ ವರಾಂಡದಲ್ಲೇ ಇದ್ದರು, ಬಾಗಿಲಿಂದ ಕಾಣುತ್ತಿದ್ದರು. ಮನೆಯಲ್ಲಿ ಲಂಬಾಣಿ ಮಾತಾಡುವ ಮಗು ಅದು. ಅದರ ಮಾತನ್ನು ನಮಗೆ ಕನ್ನಡದಲ್ಲಿ ಹೇಳಲು ಅದೇ ಶಾಲೆಯ ಬಿಸಿಯೂಟದ ಅಡುಗೆಯವರನ್ನು ಕರೆದೆವು.

ಹೆಡ್‌ಮಾಸ್ತರ್ ಕೇಳಿದ್ದು ಹೀಗೆ: 'ಸರ್ ನಿನಗ ಏನೂ ಮಾಡಿಲ್ಲ, ಹೌದಿಲ್ಲೋ? ಹೆದರಬ್ಯಾಡ, ಖರೇ ಹೇಳು.' ಹುಡುಗಿ ಬಾಗಿಲ ಕಡೆ ನೋಡಿ ತಲೆ ಆಡಿಸಿದಳು. ಹೌದು ಅಂದಳೋ ಇಲ್ಲ ಅಂದಳೋ ನನಗೆ ಇವತ್ತಿಗೂ ಗೊತ್ತಿಲ್ಲ. 'ಏನೂ ನಡೆದಿಲ್ಲ ಎಂದು ವಿದ್ಯಾರ್ಥಿನಿ ತಿಳಿಸಿರುತ್ತಾಳೆ' ಅಂತ ಪುಸ್ತಕದಲ್ಲಿ ಬರೆದರು. ನಾನೂ ಸಹಿ ಹಾಕಿದೆ. ಚಹಾ ಬಂತು, ಕುಡಿದು ಎದ್ದೆವು.

ನಾವು ಹಾಗೆ ಕೂತದ್ದೇ ತಪ್ಪು ಅಂತ ಆಮೇಲೆ ತಿಳಿಯಿತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಅಪರಾಧ ನಡೆಯಬಹುದು ಎಂಬ ಶಂಕೆ ಬಂದರೂ, ನಡೆದಿದೆ ಎಂದು ತಿಳಿದರೂ ಪೊಲೀಸರಿಗೆ ತಿಳಿಸಬೇಕು. ಮೊದಲು ನೀವೇ ಖರೆ ಸುಳ್ಳು ತೀರ್ಮಾನ ಮಾಡಿಕೊಳ್ಳಿ ಅಂತ ಅದರಲ್ಲಿ ಎಲ್ಲೂ ಇಲ್ಲ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಹೇಳಿದ ಜಾಗದಲ್ಲಿ ಪಡೆಯಬೇಕು. ಕೇಳುವವರು ಆದಷ್ಟು ಮಟ್ಟಿಗೆ ಮಹಿಳಾ ಎಸ್‌ಐ ಆಗಿರಬೇಕು, ಯೂನಿಫಾರ್ಮ್ ಹಾಕಿರಬಾರದು. ಆರೋಪಿ ಹತ್ತಿರ ಸುಳಿಯಬಾರದು. ಮಗು ನಂಬುವವರು ಪಕ್ಕದಲ್ಲಿರಬೇಕು. ನಾವು ಅಜ್ಜಿಯನ್ನು ಗೇಟಿನ ಹತ್ತಿರ ಕೂರಿಸಿದ್ದೆವು.

ಪ್ರಶ್ನೆ ಇನ್ನೊಂದು ಕಡೆಗೂ ವಾಲಬಹುದು, ಅದನ್ನೂ ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1983ರಲ್ಲಿ ಮ್ಯಾಕ್‌ಮಾರ್ಟಿನ್ ಎಂಬ ಶಿಶುವಿಹಾರದ ಮೇಲೆ ಇಂಥದೇ ದೂರು ಬಂತು. 'ಬೇರೆ ಮಕ್ಕಳು ಹೇಳಿದ್ದಾರೆ, ನೀನೂ ಹೇಳು' ಎಂಬ ಧಾಟಿಯಲ್ಲಿ ನೂರಾರು ಮಕ್ಕಳನ್ನು ಕೇಳಿದರು. 1990ರಲ್ಲಿ ಕೇಸು ಮುಗಿಯಿತು, ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಮಕ್ಕಳ ಮಾತಿನಲ್ಲಿ ಅವರದೆಷ್ಟು, ಕೇಳಿದವರದೆಷ್ಟು ಅಂತ ಬಿಡಿಸುವುದೇ ಆಗಲಿಲ್ಲ. 'ಏನಾಯ್ತು, ಹೇಳವ್ವಾ' ಅಂತ ಕೇಳಿ ಸುಮ್ನೆ ಕಾಯುವುದು ನಮಗೆ ಯಾಕೋ ಕಷ್ಟ.

ಡಾಕ್ಟರ್ ವರದಿ ಹಿಡಿದು 'ಗಾಯ ಇಲ್ಲ, ಹಾಗಾದರೆ ಏನೂ ಆಗಿಲ್ಲ' ಅನ್ನುವುದೂ ಸರಿಯಲ್ಲ. ಇಂಥ ಬಹಳಷ್ಟು ಪ್ರಕರಣಗಳಲ್ಲಿ ಗಾಯ ಕಾಣುವುದೇ ಇಲ್ಲ.

ನಮ್ಮ ಭಾಗಕ್ಕೆ ಭಾಷೆಯದು ಜಾಸ್ತಿ ತೊಡಕು. ಗುರುಮಠಕಲ್ ಕಡೆ ತೆಲುಗು, ಔರಾದ್ ಕಡೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಕಲಬುರಗಿಯ ಓಣಿಗಳಲ್ಲಿ ದಖನಿ ಉರ್ದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಪಟ್ಟಿ ಇಡಬೇಕು ಎಂದು 2020ರ ಪೋಕ್ಸೊ ನಿಯಮಗಳಲ್ಲೇ ಇದೆ. ಆ ಪಟ್ಟಿಯಲ್ಲಿ ಲಂಬಾಣಿ ಬಲ್ಲ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ? ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯವರು ದಯವಿಟ್ಟು ತಿಳಿಸಲಿ. ಮಕ್ಕಳ ಸಹಾಯವಾಣಿಯ 1098 ನಂಬರು ಶಾಲೆಯ ಗೋಡೆಯ ಮೇಲಿದ್ದರೆ ಸಾಲದು, ಆ ಕಡೆ ಫೋನ್ ಎತ್ತಿದವರಿಗೆ ಮಗುವಿನ ಮಾತು ತಿಳಿಯಬೇಕಲ್ವಾ?

ಇನ್ನೊಂದು ಕೇಳಿಕೆ. ಪೊಲೀಸರಿಗೆ ತಿಳಿಸಿದ ಮೇಲೆ ಶಿಕ್ಷಣ ಇಲಾಖೆಯ ವಿಚಾರಣೆ ಯಾವಾಗ ನಡೆದರೂ, ವರದಿಯಲ್ಲಿ ಮಗುವಿನ ಉತ್ತರದ ಜೊತೆ ಕೇಳಿದ ಪ್ರಶ್ನೆಯನ್ನೂ ಇದ್ದಂತೆಯೇ ಬರೆಯಲಿ. ಕೋಣೆಯಲ್ಲಿ ಯಾರ‍್ಯಾರು ಇದ್ದರು ಎಂಬುದನ್ನೂ ಬರೆಯಲಿ. ಅವತ್ತು ನಮ್ಮ ಪುಸ್ತಕದಲ್ಲಿ ಹೆಡ್‌ಮಾಸ್ತರರ ಆ ಪ್ರಶ್ನೆ ಇದ್ದಿದ್ದರೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಒಬ್ಬರಾದರೂ ಸಹಿ ಹಾಕುವ ಮೊದಲು ಪೆನ್ನು ಕೆಳಗಿಡುತ್ತಿದ್ದರೇನೋ.

- ಒಬ್ಬ ಮಾಜಿ ಎಸ್‌ಡಿಎಂಸಿ ಸದಸ್ಯ, ಕಲಬುರಗಿ ಜಿಲ್ಲೆ