ಮೋಸದ ಕ್ಯಾಮೆರಾ ಜಾಹೀರಾತು: ನೋಡಿ ನಕ್ಕರೆ ಸಾಲದು, ದೂರು ಕೊಡಿ

ಮಾನ್ಯ ಸಂಪಾದಕರೇ,

ಆಷಾಢದಲ್ಲಿ ಮದುವೆ ಇಲ್ಲ. ಶ್ರಾವಣಕ್ಕೆ ಬುಕಿಂಗ್ ಶುರುವಾಗುವ ಮೊದಲು ಹಳೇ ಕ್ಯಾಮೆರಾ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮಾರಿ ಸ್ವಲ್ಪ ಒಳ್ಳೇದು ತಗೊಳ್ಳೋಣ ಅಂತ ನಮ್ಮಂಥ ಊರುಗಳ ಫೋಟೋಗ್ರಾಫರುಗಳು ಮೊಬೈಲಿನಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹುಡುಕುತ್ತಾ ಕೂರುವುದು ಆಗಲೇ. ಮೋಸದ ಜಾಹೀರಾತುಗಳೂ ಆಗಲೇ ಸಾಲುಗಟ್ಟುತ್ತವೆ. ಯಾರೋ ದುಡ್ಡು ಕಳೆದುಕೊಂಡ ಮೇಲೆ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಆದರೆ ಅವನಿಗಿಂತ ಮೊದಲೇ ಆ ಜಾಹೀರಾತು ನೋಡಿ, ಇದು ಮೋಸ ಅಂತ ಗೊತ್ತಾಗಿಯೂ ಸುಮ್ಮನಾದವರು ಎಷ್ಟೋ ಜನ ಇರುತ್ತಾರೆ. ಈ ಪತ್ರ ಮುಖ್ಯವಾಗಿ ಅಂಥವರಿಗೆ.

ಇತ್ತೀಚೆಗೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಜಾಹೀರಾತಿನ ಸ್ಕ್ರೀನ್‌ಶಾಟ್ ಬಂತು. ಕ್ಯಾನನ್ 5ಡಿ ಮಾರ್ಕ್ 4 ಬಾಡಿ, 24-105 ಲೆನ್ಸ್, ಎರಡು ಬ್ಯಾಟರಿ, ಬ್ಯಾಗು, ಎಲ್ಲಾ ಸೇರಿ 28 ಸಾವಿರ. ಆ ರೇಟಿಗೆ ಬರೀ ಬಾಡಿಯೂ ಸಿಗಲ್ಲ ಅನ್ನುವುದು ಈ ಕಸುಬಿನಲ್ಲಿರುವ ಯಾರಿಗಾದರೂ ಗೊತ್ತು. ಫೋಟೋದಲ್ಲಿ ಕ್ಯಾಮೆರಾ ಮಂಚದ ಮೇಲಿದೆ. ಹಿಂದಿನ ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಕಾಣುತ್ತದೆ. ಎರಡು ಉದ್ದನೆಯ ಸೀಳು, ಕೆಳಗೊಂದು ತೂತು, ಅಮೆರಿಕದ ಮನೆಗಳಲ್ಲಿರುತ್ತದಲ್ಲ, ಅಂಥದ್ದು. ಜಾಹೀರಾತಿನಲ್ಲಿ ಹಾಕಿರುವ ಊರು ಮಾತ್ರ ಅರಸೀಕೆರೆ! ಸೀರಿಯಲ್ ನಂಬರ್ ಇರುವ ತಳಭಾಗದ ಫೋಟೋ ಒಂದೂ ಇಲ್ಲ. ಚಿತ್ರ ಕೊಟ್ಟು ಅದರ ಮೂಲ ಹುಡುಕುವ ಗೂಗಲ್ ಲೆನ್ಸ್ ಆ್ಯಪ್‌ಗೆ ಹಾಕಿದರೆ ಅದೇ ಮಂಚ, ಅದೇ ಹೂವಿನ ಬೆಡ್‌ಶೀಟು ಹೊರದೇಶದ ಯಾವುದೋ ಹಳೇ ಹರಾಜಿನ ಪುಟದಲ್ಲಿ ಸಿಕ್ಕಿತು. ಅದೇ ಕ್ಯಾಮೆರಾ ಅದೇ ದಿನ ದಾವಣಗೆರೆಯಲ್ಲೂ ಮಾರಾಟಕ್ಕಿತ್ತು, ಗದಗದಲ್ಲೂ ಇತ್ತು.

ಗ್ರೂಪಿನಲ್ಲಿ ಎಲ್ಲರೂ ನಕ್ಕರು. ಸಾಲು ಸಾಲು ಇಮೋಜಿ ಬಂದವು. ಸಂಜೆ ನೋಡಿದರೆ ಜಾಹೀರಾತು ಹಾಗೇ ಇತ್ತು.

ಇಂಥ ಜಾಹೀರಾತಿಗೆ ಬಲಿಯಾಗುವವನು ನಮ್ಮ ಗ್ರೂಪಿನಲ್ಲಿ ಇರುವುದಿಲ್ಲ. ಅವನು ಯಾರದೋ ಜೊತೆ ಲೈಟ್ ಹಿಡಿದು, ಆಲ್ಬಮ್ ಡಿಸೈನ್ ಕಲಿತು, ಈಗ ಸ್ವಂತಕ್ಕೆ ಏನಾದರೂ ಮಾಡೋಣ ಅಂತ ಹೊರಟ ಹುಡುಗ. ಅಮ್ಮ ಸಂಘದಲ್ಲಿ ಸಾಲ ಎತ್ತಿ ಕೊಟ್ಟ ದುಡ್ಡು ಇರುತ್ತದೆ. ಮೆಸೇಜ್ ಮಾಡಿದ ಕೂಡಲೇ ಆ ಕಡೆಯಿಂದ ಉತ್ತರ: 'ನಾನು ಸೈನ್ಯದಲ್ಲಿದ್ದೇನೆ, ವರ್ಗ ಆಗಿದೆ, ಅರ್ಜೆಂಟಾಗಿ ಮಾರಬೇಕು.' ಹಿಂದೆಯೇ ಯೂನಿಫಾರ್ಮಿನ ಫೋಟೋ, ಐಡಿ ಕಾರ್ಡು, ಕ್ಯಾಂಟೀನ್ ಕಾರ್ಡು. ಸೈನಿಕ ಅಂದರೆ ನಾವು ಎರಡನೇ ಪ್ರಶ್ನೆ ಕೇಳಲ್ಲ, ಅದು ಅವರಿಗೂ ಗೊತ್ತು. ನೇರ ಬಂದು ನೋಡುತ್ತೇನೆ ಅಂದರೆ ಕ್ಯಾಂಪಿನೊಳಗೆ ಹೊರಗಿನವರನ್ನು ಬಿಡಲ್ಲ ಅನ್ನುತ್ತಾರೆ. ಮೊದಲು ಕೊರಿಯರ್ ಚಾರ್ಜು. ಆಮೇಲೆ ಇನ್ಶೂರೆನ್ಸು. ಆಮೇಲೆ ಜಿಎಸ್‌ಟಿ, ಅದು ವಾಪಸ್ ಬರುತ್ತದೆ ಅನ್ನೋ ಭರವಸೆ. ಒಂದೊಂದೂ ಸಣ್ಣ ಮೊತ್ತ. ಮೊದಲು ಹಾಕಿದ್ದು ಹೋಗಿಬಿಡುತ್ತದಲ್ಲ ಅನ್ನೋ ಹೆದರಿಕೆಗೆ ಹುಡುಗ ಮತ್ತೆ ಮತ್ತೆ ಹಾಕುತ್ತಾನೆ. ಕೊನೆಗೆ 'ರೀಫಂಡ್' ಹೆಸರಲ್ಲಿ ಒಂದು ಕ್ಯೂಆರ್ ಕೋಡ್ ಬರುತ್ತದೆ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಉಳಿದದ್ದೂ ಹೋಯಿತು. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗೇ ಇಲ್ಲ. ಪಿನ್ ಕೇಳಿತು ಅಂದರೆ ನಮ್ಮ ಖಾತೆಯಿಂದ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ಆ ಐಡಿ ಕಾರ್ಡಿನ ಬಗ್ಗೆ ಒಂದು ಮಾತು. ಅದು ಎಲ್ಲೋ ಕದ್ದ, ನಿಜವಾದ ಸೈನಿಕರೊಬ್ಬರ ಕಾರ್ಡಿನ ಫೋಟೋ ಆಗಿರಬಹುದು. 'ಇವನೇ ಕಳ್ಳ' ಅಂತ ಅದನ್ನು ಸ್ಟೇಟಸ್ಸಿಗೆ ಹಾಕಬೇಡಿ. ಪೊಲೀಸರಿಗೆ ಮಾತ್ರ ಕೊಡಿ.

ಇನ್ನೊಂದು ತರಹದ ಮೋಸದಲ್ಲಿ ಕ್ಯಾಮೆರಾ ನಿಜವಾಗಿಯೂ ಇರುತ್ತದೆ, ಆದರೆ ಮಾರುವವನದ್ದಲ್ಲ. ಬೆಂಗಳೂರಿನಂಥ ಕಡೆ ನಕಲಿ ಆಧಾರ್ ಕೊಟ್ಟು ಬಾಡಿಗೆಗೆ ತಗೊಂಡ ಕ್ಯಾಮೆರಾ ಮಾರನೇ ದಿನ ಆನ್‌ಲೈನಿಗೆ ಬರುತ್ತದೆ. 'ಬಿಲ್ಲು ಕಳೆದುಹೋಗಿದೆ, ಬಾಕ್ಸ್ ಊರಲ್ಲಿದೆ' ಅನ್ನುತ್ತಾರೆ. ಗೊತ್ತಿಲ್ಲದೆ ಕೊಂಡವನ ಕೈಯಿಂದಲೂ ಪೊಲೀಸರು ಅದನ್ನು ವಶಕ್ಕೆ ತಗೊಳ್ಳಬಹುದು. ದುಡ್ಡೂ ಇಲ್ಲ, ಕ್ಯಾಮೆರಾನೂ ಇಲ್ಲ, ಮೇಲೆ ಠಾಣೆಗೆ ಅಲೆದಾಟ.

ಇದಕ್ಕೆ ಒಂದು ಪರೀಕ್ಷೆ ಇದೆ. ಮಾರುವವನಿಗೆ ಆ ಕ್ಯಾಮೆರಾದಲ್ಲೇ ಈಗ ಒಂದು ಫೋಟೋ ತೆಗೆದು, ಆ ಫೈಲನ್ನು ಹಾಗೇ ವಾಟ್ಸ್‌ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಮಾಮೂಲಿ ಫೋಟೋ ಥರ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಕ್ಯಾನನ್, ನಿಕಾನ್‌ನ ಬಹುತೇಕ ಡಿಎಸ್‌ಎಲ್‌ಆರ್‌ಗಳು ಬಾಡಿಯ ಸೀರಿಯಲ್ ನಂಬರನ್ನು ಫೈಲಿನೊಳಗೇ ಬರೆದಿಡುತ್ತವೆ. ನಿಕಾನ್ ಆದರೆ ಶಟರ್ ಎಷ್ಟು ಸಲ ಬಿದ್ದಿದೆ, ಅಂದರೆ ಕ್ಯಾಮೆರಾ ಎಷ್ಟು ಬಳಕೆಯಾಗಿದೆ ಅನ್ನೋದೂ ಸಿಗುತ್ತದೆ. ಆಮೇಲೆ ವಿಡಿಯೊ ಕಾಲ್ ಮಾಡಿ ಕ್ಯಾಮೆರಾದ ತಳ ತಿರುಗಿಸಿ ತೋರಿಸಲು ಹೇಳಿ. ಎರಡೂ ನಂಬರ್ ತಾಳೆಯಾಗಬೇಕು. ಬಿಲ್ಲಿನಲ್ಲೂ ಅದೇ ಇರಬೇಕು. ಚೀಟಿಯಲ್ಲಿ ತಾರೀಕು ಬರೆದು ಕ್ಯಾಮೆರಾ ಪಕ್ಕ ಇಟ್ಟು ಫೋಟೋ ಕಳಿಸಿ ಅನ್ನೋ ಹಳೇ ಉಪಾಯವನ್ನು ಈಗ ಪೂರ್ತಿ ನಂಬುವ ಹಾಗಿಲ್ಲ, ಎಐನಲ್ಲಿ ಚೀಟಿಯನ್ನೂ ಹುಟ್ಟಿಸಬಹುದು. ಸಾಚಾ ಮಾರಾಟಗಾರ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಲ್ಲ. ಮೋಸಗಾರ ಎರಡನೇ ಪ್ರಶ್ನೆಗೇ ರೇಗುತ್ತಾನೆ, ಇಲ್ಲವೇ 'ಬೇರೆಯವರು ಅಡ್ವಾನ್ಸ್ ಹಾಕ್ತಿದ್ದಾರೆ' ಅಂತ ಅವಸರ ಮಾಡುತ್ತಾನೆ.

ಇಬೇ ಥರದ ಹರಾಜು ಸೈಟುಗಳ ಕಥೆ ಸ್ವಲ್ಪ ಬೇರೆ. ಇಬೇಯ ಭಾರತದ ಸೈಟು 2018ರಲ್ಲೇ ಮುಚ್ಚಿತು. ಆದರೂ ಹಳೇ ಲೆನ್ಸಿನ ಹುಚ್ಚಿರುವವರು ಹೊರದೇಶದ ಸೈಟಿನಲ್ಲಿ ಈಗಲೂ ಹರಾಜು ಕೂಗುತ್ತಾರೆ. ಅಲ್ಲಿ ನೋಡಬೇಕಾದ್ದು ಮಾರಾಟಗಾರನ ಚರಿತ್ರೆ. ಮೊಬೈಲ್ ಕವರು, ಪುಸ್ತಕ ಮಾರಿ ಒಳ್ಳೇ ಹೆಸರು ಮಾಡಿದ ಖಾತೆ. ಆಮೇಲೆ ಬಹಳ ಕಾಲ ಏನೂ ಇಲ್ಲ. ಈಗ ದಿಢೀರನೆ ದುಬಾರಿ ಕ್ಯಾಮೆರಾಗಳ ಸಾಲು ಇದ್ದರೆ, ಯಾರೋ ಆ ಖಾತೆಯನ್ನು ಹ್ಯಾಕ್ ಮಾಡಿರುವ ಸಾಧ್ಯತೆ ಹೆಚ್ಚು. ಹರಾಜಿನಲ್ಲಿ ಸೋತ ಮೇಲೆ 'ಗೆದ್ದವರು ಬಿಟ್ಟುಬಿಟ್ಟರು, ನಿಮಗೇ ಕೊಡುತ್ತೇನೆ, ಸೈಟಿನ ಹೊರಗೆ ದುಡ್ಡು ಕಳಿಸಿ' ಅಂತ ಮೇಲ್ ಬಂದರೆ ಅದು ತುಂಬಾ ಹಳೇ ಮೋಸ. ಹೊರಗೆ ಕಟ್ಟಿದ ದುಡ್ಡಿಗೆ ಸೈಟಿನ ಗ್ಯಾರಂಟಿ ಇರಲ್ಲ.

ಜರ್ಮನಿಯ ಹೆಸರಾಂತ ಕ್ಯಾಮೆರಾ ಲೈಕಾದ ನಕಲು ಅಂತೂ ಒಂದು ಕುಲಕಸುಬೇ ಆಗಿದೆ. ಖಾರ್ಕಿವ್‌ನಲ್ಲಿ 1934ರಿಂದ ತಯಾರಾದ ಫೆಡ್, ಮಾಸ್ಕೋ ಪಕ್ಕದ ಕ್ರಾಸ್ನೊಗೊರ್ಸ್ಕ್‌ನಲ್ಲಿ 1948ರಿಂದ ತಯಾರಾದ ಜೋರ್ಕಿ, ಎರಡೂ ಲೈಕಾವನ್ನು ನೋಡಿ ಮಾಡಿದ ಸೋವಿಯತ್ ಕ್ಯಾಮೆರಾಗಳು. ಅವುಗಳ ಹೆಸರು ಉಜ್ಜಿ, ಲೈಕಾ ಅಂತ ಕೆತ್ತಿ, ಚಿನ್ನದ ಬಣ್ಣ ಬಳಿದು, 1936ರ ಬರ್ಲಿನ್ ಒಲಿಂಪಿಕ್ಸಿನದ್ದು ಅಂತ ಮಾರುತ್ತಾರೆ. ಲೆನ್ಸ್ ಬಿಚ್ಚಿ ಒಳಗಿನ ಫೋಟೋ ಕೇಳಿ. ಮೇಲ್ಗಡೆ ರೇಂಜ್‌ಫೈಂಡರಿನ (ದೂರ ಅಳೆದು ಫೋಕಸ್ ಮಾಡಲು ಇರುವ ಭಾಗ) ಸಣ್ಣ ಕೈಯೊಂದು ಕಾಣುತ್ತದೆ. ಅಸಲಿ ಲೈಕಾದಲ್ಲಿ ಅದರ ತುದಿಗೆ ದುಂಡನೆಯ ರೋಲರ್ ಇರುತ್ತದೆ. ಫೆಡ್, ಜೋರ್ಕಿಯಲ್ಲಿ ಬೆಣೆಯಂಥ ಚೂಪು ತುಂಡು. ಹೊರಗೆ ಎಷ್ಟೇ ಚಿನ್ನ ಬಳಿದರೂ ಅದು ಬದಲಾಗಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆ ಏನು ಮಾಡಬೇಕು? ಮೊದಲು ಸ್ಕ್ರೀನ್‌ಶಾಟ್. ಜಾಹೀರಾತಿನ ಲಿಂಕ್, ಪ್ರೊಫೈಲ್, ಫೋನ್ ನಂಬರ್, ಯುಪಿಐ ಐಡಿ, ಮಾತುಕತೆ ಎಲ್ಲ ಸೇವ್ ಆಗಲಿ. ಜಾಹೀರಾತು ಮಾಯವಾದರೆ ಆಮೇಲೆ ಏನೂ ಸಿಗಲ್ಲ. 'ನೀನು ಕಳ್ಳ ಅಂತ ಗೊತ್ತು' ಅಂತ ಅವನಿಗೆ ಮೆಸೇಜ್ ಹಾಕುವ ಚಪಲ ಬೇಡ, ಸುಮ್ನೆ ಎಚ್ಚರ ಮಾಡಿದಂತಾಗುತ್ತದೆ. ಜಾಹೀರಾತಿನಲ್ಲೇ ಇರುವ ರಿಪೋರ್ಟ್ ಬಟನ್ ಒತ್ತಿ. 'ಮೋಸ' ಅಂತ ಬರೀ ಟಿಕ್ ಮಾಡಿ ಬಿಡದೆ, ಚಿತ್ರ ಎಲ್ಲಿಂದ ಕದ್ದದ್ದು ಅನ್ನುವ ಲಿಂಕನ್ನೂ ಹಾಕಿ. ಅನುಮಾನದ ಫೋನ್ ಕರೆ, ವಾಟ್ಸ್‌ಆ್ಯಪ್ ಮೆಸೇಜುಗಳ ಬಗ್ಗೆ ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ಪೋರ್ಟಲ್‌ನ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು. ಇದಕ್ಕೆ ದುಡ್ಡು ಕಳೆದುಕೊಂಡಿರಲೇಬೇಕು ಅಂತೇನಿಲ್ಲ. ದುಡ್ಡು ಹೋಗಿದ್ದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರದೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕದ್ದ ದುಡ್ಡು ಖಾತೆಯಿಂದ ಖಾತೆಗೆ ಓಡುವ ಮೊದಲು ತಿಳಿಸಿದರೆ ಬ್ಯಾಂಕುಗಳು ಅದನ್ನು ತಡೆಹಿಡಿಯಲು ಸಾಧ್ಯ. ಆಮೇಲೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು, ಬೇಕಿದ್ದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ.

ಸೈಟುಗಳವರಿಗೂ ಹೇಳಬೇಕು. ನಾನು ಒಂದು ಸೈಟಿಗೆ ಕಳಿಸಿದ ದೂರಿಗೆ 'ನಮ್ಮ ನಿಯಮಕ್ಕೆ ವಿರುದ್ಧವಾಗಿಲ್ಲ' ಅಂತ ಯಂತ್ರದ ಉತ್ತರ ಬಂತು, ಅಮೆರಿಕದ ಪ್ಲಗ್ ಪಾಯಿಂಟಿನ ಫೋಟೋ ಜೊತೆಗಿಟ್ಟಿದ್ದರೂ! ದೂರು ಪರಿಹಾರ ಅಧಿಕಾರಿಯ ಹೆಸರು, ಸಂಪರ್ಕದ ವಿವರ ಸೈಟಿನಲ್ಲಿ ಕಾಣುವಂತಿರಬೇಕು, ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು ಅಂತ 2021ರ ಐಟಿ ನಿಯಮಗಳೇ ಹೇಳುತ್ತವೆ. ಬಟನ್‌ನಿಂದ ಕೆಲಸ ಆಗದಿದ್ದರೆ ಆ ಅಧಿಕಾರಿಗೇ ಬರೆಯಿರಿ. ಮೊಬೈಲ್ ಕಳೆದರೆ ಐಎಂಇಐ (ಫೋನಿನ ಗುರುತಿನ ನಂಬರ್) ಕೊಟ್ಟು ಬ್ಲಾಕ್ ಮಾಡಿಸಬಹುದು. ಕ್ಯಾಮೆರಾಕ್ಕೆ ಅಂಥ ಅನುಕೂಲ ಇಲ್ಲ. ಹಾಗಿರುವಾಗ ದುಬಾರಿ ಕ್ಯಾಮೆರಾ ಮಾರುವವರಿಂದ ಸೀರಿಯಲ್ ನಂಬರಿನ ಫೋಟೋವನ್ನು ಸೈಟೇ ಕೇಳಿ ಇಟ್ಟುಕೊಳ್ಳಲು ಏನು ಕಷ್ಟ? ಎಲ್ಲರಿಗೂ ತೋರಿಸಬೇಕಿಲ್ಲ, ಪೊಲೀಸರು ಕೇಳಿದಾಗ ಕೊಟ್ಟರೆ ಸಾಕು. ಇನ್ನೊಂದು, ಮೋಸ ಅಂತ ಜಾಹೀರಾತು ತೆಗೆದುಹಾಕಿದಾಗ ಅದಕ್ಕೆ ಮೆಸೇಜ್ ಮಾಡಿದ್ದವರಿಗೆಲ್ಲ ಒಂದು ಎಚ್ಚರಿಕೆ ಹೋಗಬೇಕು. ಸೈಟಿನ ಚಾಟ್‌ನಲ್ಲಿ ಯಾರ್ಯಾರು ಮಾತಾಡಿದ್ದಾರೆ ಅನ್ನೋದು ಅವರ ಹತ್ತಿರ ಇರುತ್ತದೆ ಅಲ್ವಾ? ಅಷ್ಟರಲ್ಲಿ ಅರ್ಧ ದುಡ್ಡು ಹಾಕಿರುವ ಹುಡುಗ ಉಳಿದರ್ಧವನ್ನಾದರೂ ಉಳಿಸಿಕೊಳ್ಳುತ್ತಾನೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಜಿಲ್ಲಾ ಪುಟದಲ್ಲಿ ಕೊಬ್ಬರಿ ಧಾರಣೆ ಹಾಕುತ್ತೀರಲ್ಲ, ಅದರ ಕೆಳಗೆ 1930 ಮತ್ತು ನಮ್ಮ ಜಿಲ್ಲೆಯ ಸಿಇಎನ್ ಠಾಣೆಯ ಫೋನ್ ನಂಬರನ್ನು ಸಣ್ಣ ಬಾಕ್ಸಿನಲ್ಲಿ ದಿನಾ ಹಾಕಿ.

ಇಂತಿ,
ಸ್ಟುಡಿಯೊ ಫೋಟೋಗ್ರಾಫರ್,
ತಿಪಟೂರು