ಅಸ್ವಾನ್‌ನಿಂದ ಅಪ್ಪನಿಗೆ ಕಾಗದ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಚೆನ್ನಾಗಿದ್ದೇನೆ.

ಈಜಿಪ್ಟಿನಲ್ಲಿ ನಾನು ಕೆಲಸ ಮಾಡ್ತಿರೋ ಈ ಬೆನ್‌ಬಾನ್ ಸೋಲಾರ್ ಪಾರ್ಕ್ ನಮ್ಮ ಪಾವಗಡದ 2,050 ಮೆಗಾವ್ಯಾಟಿನದಕ್ಕಿಂತ ಚಿಕ್ಕದೇ. ಆದರೆ ತಿರುಮಣಿಯಲ್ಲಿ ಪ್ಯಾನೆಲ್ ಸಾಲು ಮುಗಿದರೆ ಕಡ್ಲೆಕಾಯಿ ಹೊಲ ಸಿಗುತ್ತೆ, ಇಲ್ಲಿ ಬರೀ ಮರಳು. "ಆ ಮರಳಲ್ಲಿ ನೋಡೋಕೆ ಏನಿದೆ" ಅಂತ ಕೇಳಿದಿರಲ್ಲ, ಅದನ್ನೇ ನೋಡ್ತಾ ಆಯುಷ್ಯ ಕಳೆದ ಒಬ್ಬರಿದ್ದರು. ನೀವು ಲಾರಿ ಓಡಿಸಿದವರು, ನಿಮಗೆ ಹಿಡಿಸುತ್ತೆ.

ಹೆಸರು ರಾಲ್ಫ್ ಬ್ಯಾಗ್ನಾಲ್ಡ್. ಬ್ರಿಟಿಷ್ ಸೈನ್ಯದ ಇಂಜಿನಿಯರ್, ಹುಟ್ಟಿದ್ದು 1896ರಲ್ಲಿ. ಈಜಿಪ್ಟಿಗೆ ವರ್ಗವಾಗಿ ಬಂದವರು ರಜೆ ಸಿಕ್ಕರೆ ಸಾಕು, ಸ್ನೇಹಿತರ ಜೊತೆ ಫೋರ್ಡ್ ಕಾರು ಹತ್ತಿ ಮರುಭೂಮಿಗೆ ಹೊರಟುಬಿಡ್ತಿದ್ದರು. ಟೈರಿನ ಗಾಳಿ ಇಳಿಸಿ, ಮರಳಿನ ದಿಣ್ಣೆಗೆ ಜೋರಾಗಿ ನುಗ್ಗಿಸಿದರೆ ಗಾಡಿ ಹತ್ತುತ್ತೆ ಅಂತ ಕಂಡುಕೊಂಡರು. ಹೂತುಹೋದರೆ ಚಕ್ರದ ಕೆಳಗೆ ಹಾಕೋಕೆ ಕೈರೋದ ಗುಜರಿ ಅಂಗಡಿಯಿಂದ ತಂದ ಉಕ್ಕಿನ ಪಟ್ಟಿಗಳು. ಇನ್ನು ರೇಡಿಯೇಟರ್ ಕುದ್ದರೆ? ಆವಿಯನ್ನು ಪೈಪಿನಲ್ಲಿ ಪಕ್ಕದ ನೀರಿನ ಡಬ್ಬಕ್ಕೆ ಬಿಟ್ಟರು. ಅಲ್ಲಿ ತಣ್ಣಗಾಗಿ ನೀರಾಗುತ್ತೆ, ಇಂಜಿನ್ ತಣಿದ ಮೇಲೆ ರೇಡಿಯೇಟರೇ ಅದನ್ನು ವಾಪಸ್ ಎಳ್ಕೊಳ್ಳುತ್ತೆ. ಶಿರಾಡಿ ಘಾಟಿಯಲ್ಲಿ ನೀವು ಕ್ಯಾನ್ ಹಿಡ್ಕೊಂಡು ನೀರಿಗೆ ಅಲೆದದ್ದು ನೆನಪಾಯಿತು. ಕಾರಿನ ಕಬ್ಬಿಣಕ್ಕೆ ದಿಕ್ಸೂಚಿ ತಪ್ಪು ತೋರಿಸುತ್ತೆ ಅಂತ, ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಸೂಜಿಯ ನೆರಳು ನೋಡಿ ದಿಕ್ಕು ಹಿಡಿದರು.

ಈ ಅನುಭವದ ಮೇಲೆಯೇ 1940ರಲ್ಲಿ ಯುದ್ಧಕ್ಕೆ ಒಂದು ಮರುಭೂಮಿ ತುಕಡಿ ಕಟ್ಟಿದರು. ಎಲ್ಲರೂ ಹೊಗಳೋದು ಅದನ್ನೇ. ನನಗೆ ಮಾತ್ರ ಅವರ ಮರಳಿನ ಲೆಕ್ಕವೇ ದೊಡ್ಡದು. 1935ರಲ್ಲಿ ಸೈನ್ಯ ಬಿಟ್ಟು ಬಂದು, ಲಂಡನ್ನಿನಲ್ಲಿ ತಾವೇ ಒಂದು ಗಾಳಿ ಸುರಂಗ ಕಟ್ಟಿ, ಒಳಗೆ ಮರಳು ಹಾರಿಸಿ ನೋಡಿದರು. ಮರಳು ಧೂಳಿನ ಹಾಗೆ ತೇಲಲ್ಲ, ಕುಪ್ಪಳಿಸುತ್ತೆ. ಹಾರಿದ ಕಣ ನೆಲಕ್ಕೆ ಬಡಿದು ಇನ್ನಷ್ಟು ಕಣಗಳನ್ನು ಎಬ್ಬಿಸುತ್ತೆ. ಅದಕ್ಕೇ ಇಲ್ಲಿ ಗಾಳಿ ಎದ್ದರೆ ಮೊಣಕಾಲಿನ ಕೆಳಗೆ ಚುರುಚುರು ಅನ್ನುತ್ತೆ, ಮುಖಕ್ಕೆ ಅಷ್ಟು ಬಡಿಯಲ್ಲ. ಪ್ಯಾನೆಲ್ ಮೇಲೆ ಕೂತು ಕರೆಂಟು ತಿನ್ನೋದು ಮಾತ್ರ ನುಣ್ಣನೆಯ ಧೂಳು, ನಮ್ಮ ಕೆಲಸವೆಲ್ಲ ಅದನ್ನು ಒರೆಸೋದೇ.

1941ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದರು. ಮಂಗಳ ಗ್ರಹದಲ್ಲೂ ಅವರ ಹೆಸರಿನ ಮರಳಿನ ದಿಣ್ಣೆಗಳಿವೆ, ನಾಸಾದ ಕ್ಯೂರಿಯಾಸಿಟಿ ಗಾಡಿ ಅಲ್ಲಿಗೂ ಹೋಗಿ ಬಂತು. 1990ರಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ.

ಜಮೀನಿನ ಲೀಸ್ ದುಡ್ಡು ಬಂದರೆ ಮೊದಲು ಅಮ್ಮನನ್ನು ತುಮಕೂರಿಗೆ ಕರ್ಕೊಂಡು ಹೋಗಿ ಮಂಡಿ ತೋರಿಸಿ. ಬೋರ್‌ವೆಲ್ ವಿಷಯ ನಾನು ಬಂದ ಮೇಲೆ ಮಾತಾಡೋಣ.

ಇಂತಿ ನಿಮ್ಮ ಮಗ